ಗೋಡೆಯೊಳಗಿನ ಗಿರಣಿ

ಗೋಡೆ ಮೊದಲು ಕೆಮ್ಮುತ್ತಿತ್ತು. ಆಮೇಲೆ ಗುರುಗುಟ್ಟುತ್ತಿತ್ತು. ಅದಾದ ಮೇಲೆ ಬಚ್ಚಲ ನಳದಿಂದ ಹಿಡಿದು ಅಡಿಗೆಮನೆಯ ಮೂಲೆಯವರೆಗೆ ಇಡೀ ಗೋಡೆ ಹಗ್ಗ ಹರಿದುಕೊಂಡ ಹೋರಿಯ ಹಾಗೆ ಹೂಂಕರಿಸಿ, ಕೊನೆಗೆ ಹಿತ್ತಲ ಕಡೆ ಧಡ್ ಧಡ್ ಎಂದು ಗುದ್ದುತ್ತಿತ್ತು. ಮಂಗಳವ್ವನ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಹೀಗೆ.

ಹಾವೇರಿಯ ಆ ಓಣಿಗೆ ಆಗ ದಿನ ಬಿಟ್ಟು ದಿನ ನೀರು. ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರೆ ನೀರು ಬಿಡುವವನೇ ಮುಖ ಮೇಲೆ ಮಾಡುತ್ತಿದ್ದ. ಅದಕ್ಕೇ ಎಲ್ಲರೂ ಮಲಗುವ ಮುಂಚೆ ನಳವನ್ನು ಅರ್ಧ ತಿರುಗಿಸಿಟ್ಟು, ಕೆಳಗೊಂದು ತಾಮ್ರದ ಕೊಡ ಇಟ್ಟು ಮಲಗುವುದು ರೂಢಿ. ಕೊಡದ ತಳಕ್ಕೆ ನೀರು ಬಿದ್ದ ಸಪ್ಪಳಕ್ಕೆ ಎದ್ದು ಓಡುವುದು. ಮಂಗಳವ್ವನ ಮನೆಯಲ್ಲಿ ಕೊಡದ ಸಪ್ಪಳಕ್ಕೆ ಕಾಯುವ ಪ್ರಮೇಯವೇ ಇರಲಿಲ್ಲ. ನೀರು ಇನ್ನೂ ಓಣಿಯ ತಿರುವಿನಲ್ಲಿ ಇರುವಾಗಲೇ ಇವಳ ಗೋಡೆ ಊರಿಗೆಲ್ಲ ಸಾರಿ ಹೇಳುತ್ತಿತ್ತು.

ಕೂಸು ಚಿಟ್ಟನೆ ಚೀರಿ ಏಳುತ್ತಿತ್ತು. ಮಂಗಳವ್ವ ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಕೊಡ ಹಿಡಿದು ಬಚ್ಚಲಿಗೆ ಓಡುತ್ತಿದ್ದಳು. ಅವಳ ಅತ್ತೆ ಶೇಖವ್ವ ಹಾಸಿಗೆಯ ಮೇಲೆ ಎದ್ದು ಕೂತು, ಎರಡೂ ಕೈಯಿಂದ ತಲೆ ಹಿಡಿದುಕೊಂಡು, ದಿನಾ ಹೇಳುವುದನ್ನೇ ಹೇಳುತ್ತಿದ್ದಳು.

"ಈ ಮನಿ ನನಗ ಬ್ಯಾಡವಾ. ನನ್ನ ನಮ್ಮೂರಿಗೆ, ಅಗಡಿಗೆ ಕಳಿಸಿಬಿಡ್ರಿ."

ಈ ಮಾತು ಕೇಳಿದರೆ ಮಂಗಳವ್ವನ ಎದೆ ಧಸಕ್ಕೆನ್ನುತ್ತಿತ್ತು. ಯಾಕೆಂದರೆ ಅವಳ ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಬರುವ ಸೋಮವಾರ ಅವಳು ಬ್ಯಾಡಗಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಕೂಡಿಸುವ ತನ್ನ ಬೋರ್ಡಿನ ಮುಂದೆ ಕೂರಲೇಬೇಕು. ಮೆಣಸಿನಕಾಯಿ ಸೀಜನ್ನು ಶುರುವಾಗಿದೆ, ಮುಂಬೈಗೆ, ಮದ್ರಾಸಿಗೆ ಟ್ರಂಕ್ ಕಾಲ್ ಬುಕ್ ಮಾಡುವ ವ್ಯಾಪಾರಿಗಳು ಸಾಲುಗಟ್ಟಿದ್ದಾರೆ, ಇನ್ನು ಒಂದು ದಿನವೂ ರಜೆ ಸಿಗುವುದಿಲ್ಲ ಎಂದು ಹೇಳಿ ಕಳಿಸಿದ್ದರು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಕೂಸಿಗೆ ಅತ್ತೆ ಬಿಟ್ಟರೆ ಯಾರೂ ಇಲ್ಲ. ತವರಿನಲ್ಲಿ ಅವ್ವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅತ್ತೆ ಅಗಡಿಗೆ ಹೋದರೆ ಮಂಗಳವ್ವನ ನೌಕರಿಯೂ ಅದೇ ಬಸ್ಸಿಗೆ ಹೋಗುತ್ತಿತ್ತು.

ತಮಾಷೆಯೆಂದರೆ ಶೇಖವ್ವ ಈ ಮನೆಗೆ ಬಂದದ್ದೇ ಸಪ್ಪಳಕ್ಕೆ ಬೇಸತ್ತು. ಅಗಡಿಯಲ್ಲಿ ಹಿರಿಯ ಮಗನ ಮನೆ. ಅದರ ಬೆನ್ನಿಗೇ ಹಿಟ್ಟಿನ ಗಿರಣಿ. ಅದರ ಗರಗರ ಸಪ್ಪಳಕ್ಕೆ ಕಣ್ಣಿಗೆ ಕಣ್ಣು ಹತ್ತುವುದಿಲ್ಲ ಎಂದು ವರ್ಷಗಟ್ಟಲೆ ಗೋಳಾಡಿ, ಕೂಸು ಹುಟ್ಟಿದ ಸುದ್ದಿ ಬಂದದ್ದೇ ತಡ, ಗಂಟು ಕಟ್ಟಿಕೊಂಡು ಹಾವೇರಿಗೆ ಬಂದುಬಿಟ್ಟಿದ್ದಳು. ತೊಟ್ಟಿಲು ಶಾಸ್ತ್ರಕ್ಕೆ ಬಂದ ಹಿರಿಯ ಸೊಸೆ ದೇವವ್ವ ಅಡಿಗೆಮನೆಯಲ್ಲಿ ಮಂಗಳವ್ವನ ಕಿವಿಯಲ್ಲಿ ಪಿಸುಗುಟ್ಟಿದ್ದಳು: ಆ ಗಿರಣಿಯ ಮೋಟಾರು ಸುಟ್ಟು ದೀಪಾವಳಿಗೇ ಬಂದ್ ಆಗಿದೆ, ಆದರೂ ಮುದುಕಿ ಗಿರಣಿ ಗಿರಣಿ ಅನ್ನುವುದನ್ನು ಬಿಟ್ಟಿಲ್ಲ ಎಂದು. ಮಂಗಳವ್ವ ಆಗ ಮನಸ್ಸಿನಲ್ಲೇ ನಕ್ಕಿದ್ದಳು. ಅತ್ತೆಯನ್ನು ನಮ್ಮ ಕೊರಳಿಗೆ ಕಟ್ಟಿ ಹಾಯಾಗಿರಬೇಕೆಂದು ಇವಳು ಏನು ಬೇಕಾದರೂ ಹೇಳುತ್ತಾಳೆ, ಹೇಳಲಿ, ನನಗೂ ಅತ್ತೆ ಬೇಕಾಗಿದ್ದಾಳಲ್ಲ ಎಂದುಕೊಂಡಿದ್ದಳು.

ಮೊದಲ ಕೆಲವು ದಿನ ಶೇಖವ್ವ ಹಾಯಾಗಿಯೇ ಇದ್ದಳು. ಆಮೇಲೆ ಈ ಗೋಡೆಯದು ಶುರುವಾಯಿತು.

ಇದಕ್ಕೆಲ್ಲ ಮೂಲಪುರುಷ ಮಂಗಳವ್ವನ ಗಂಡ ಮಾಲತೇಶಪ್ಪ. ರಾಣೇಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಅವನಿಗೆ ಕೆಲಸ. ಬೀಜ ಮಾರುವುದೊಂದನ್ನು ಬಿಟ್ಟು ಲೋಕದ ಎಲ್ಲ ಕೆಲಸಕ್ಕೂ ಅವನೇ ಮುಂದು. ರೇಡಿಯೋ ಕೆಟ್ಟರೆ ಬಿಚ್ಚುತ್ತಿದ್ದ, ಗಡಿಯಾರ ನಿಂತರೆ ಬಿಚ್ಚುತ್ತಿದ್ದ, ಕೂಡಿಸುವಾಗ ನಾಲ್ಕು ಸ್ಕ್ರೂ ಉಳಿದರೆ ಕಂಪನಿಯವರು ಸುಮ್ಮನೆ ಜಾಸ್ತಿ ಹಾಕಿದ್ದರು ಎನ್ನುತ್ತಿದ್ದ. ಈ ಮನೆ ಕಟ್ಟುವಾಗ ನಳ ಕೂಡಿಸಲು ಫಕ್ರುದ್ದೀನನನ್ನು ಕರೆಸಿ, ಅರ್ಧ ಕೆಲಸವಾದ ಮೇಲೆ ಅವನೊಡನೆ ಜಗಳಾಡಿ, ಉಳಿದದ್ದನ್ನು ತಾನೇ ಮುಗಿಸಿದ್ದ. ಬಂದವರಿಗೆಲ್ಲ ಗೋಡೆ ತಟ್ಟಿ ತಟ್ಟಿ ತೋರಿಸುತ್ತಿದ್ದ. ಈಗ ಅದೇ ಗೋಡೆ ಅವನನ್ನು ತಟ್ಟಿ ಎಬ್ಬಿಸುತ್ತಿತ್ತು.

"ಪೈಪಿನ್ಯಾಗ ಗಾಳಿ ಕುಂತೈತಿ," ಎಂದ ಅವನು ಮೊದಲ ದಿನ, ಹಲ್ಲುಜ್ಜುತ್ತ. ತಾನಾಗಿಯೇ ಹೋಗುತ್ತದೆ ಎಂದ. ಗಾಳಿ ಹೋಗಲಿಲ್ಲ. ಅವನು ಮಾತ್ರ ಡಬ್ಬಿ ಕಟ್ಟಿಸಿಕೊಂಡು ದಿನಾ ರಾಣೇಬೆನ್ನೂರಿಗೆ ಹೋದ. ಒಂದು ಸಂಜೆ ನಟ್ಟು ಬಿಚ್ಚುವ ಪಾನಾ ಹಿಡಿದು ಬಚ್ಚಲಿಗೆ ನುಗ್ಗಿ, ನಳದ ಒಳಗಿನ ವಾಷರ್ ಸವೆದಿದೆಯೆಂದು ಕಂಡುಹಿಡಿದು, ಮಂಗಳವ್ವನ ಹವಾಯಿ ಚಪ್ಪಲಿಯ ಹಿಮ್ಮಡಿ ಕತ್ತರಿಸಿ ಹೊಸ ವಾಷರ್ ಮಾಡಿ ಹಾಕಿದ. ಎಡಗಾಲಿನ ಚಪ್ಪಲಿ. ಅಷ್ಟೇನೂ ಹಳೆಯದಲ್ಲ. ಮರುದಿನ ನೀರು ಬಂದಾಗ, ಅಲ್ಲಿಯವರೆಗೆ ಬರೀ ಗುದ್ದುತ್ತಿದ್ದ ಗೋಡೆ ಹೂಂಕರಿಸುವುದನ್ನೂ ಕಲಿತಿತ್ತು. ಮಂಗಳವ್ವ ಒಂದು ಕಾಲಿಗೆ ಚಪ್ಪಲಿ ಇಲ್ಲದೆ ಬಚ್ಚಲ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು. ಅವನು, ಇದು ಒಳ್ಳೆಯ ಲಕ್ಷಣ, ಗಾಳಿ ಹೊರಬೀಳಾಕತ್ತೈತಿ ಎಂದ.

ಇಷ್ಟು ಸಾಲದೆಂಬಂತೆ ಬಂದುಹೋಗುವವರ ಉಪದೇಶ ಬೇರೆ. ಮನೆಗೆ ವಾಸ್ತುದೋಷ ಇದೆ ಎಂದರು ಕೆಲವರು. ಪೈಪು ಹುಗಿಯುವಾಗ ಹುತ್ತ ಅಗೆದಿರಬೇಕು ಎಂದರು ಇನ್ನು ಕೆಲವರು. ಶೇಖವ್ವ ಎಲ್ಲವನ್ನೂ ನಂಬಿ ನಳಕ್ಕೆ ವಿಭೂತಿ ಹಚ್ಚಿ, ಅದರ ಕೊರಳಿಗೆ ನಿಂಬೆಹಣ್ಣು ಕಟ್ಟಿದಳು. ನಳ ವಿಭೂತಿ ಹಚ್ಚಿಕೊಂಡೇ ಕೂಗಿತು. ಪಕ್ಕದ ಮನೆಯ ಅಮೀರಬಿ ಮಾತ್ರ ಗೋಡೆಯಾಚೆಯಿಂದ, ತನಗೇನೂ ತೊಂದರೆಯಿಲ್ಲ, ನಿಮ್ಮ ನಳ ಕೂಗಿದರೆ ತಾನು ಎದ್ದು ಕೊಡ ಇಡುತ್ತೇನೆ ಎಂದಳು. ಮಂಗಳವ್ವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಆದರೆ ಅವಳ ತಲೆ ಚಿಟ್ಟು ಹಿಡಿಸಿದ್ದು ಬೇರೆ ಸಂಗತಿ. ಉಳಿದವರಿಗೆಲ್ಲ ಸಪ್ಪಳ ಕೇಳುವುದು ನೀರು ಬಂದಾಗ, ಇಲ್ಲವೆ ನಳ ತಿರುಗಿಸಿದಾಗ. ಶೇಖವ್ವನದು ಮಾತ್ರ ಮಧ್ಯಾಹ್ನ, ಎಲ್ಲ ನಳ ಬಂದ್ ಆಗಿದ್ದು ಊರೇ ಊಟ ಮಾಡಿ ಮಲಗಿದ ಹೊತ್ತಿನಲ್ಲೂ ಗೋಡೆ ಸಣ್ಣಗೆ ಗುಂಯ್‌ಗುಡುತ್ತಿದೆ ಎಂಬ ದೂರು. ಮಂಗಳವ್ವ ಗೋಡೆಗೆ ಕಿವಿ ಹಚ್ಚಿ ಕೇಳಿದಳು. ಏನೂ ಇಲ್ಲ. ಏನೂ ಇಲ್ಲ ಅತ್ತಿ ಎಂದರೆ, ನಿನಗೆ ವಯಸ್ಸು ಸಣ್ಣದು, ನಿನ್ನ ಲಕ್ಷ್ಯ ಎಲ್ಲೋ ಇರುತ್ತದೆ ಎಂದು ಶೇಖವ್ವ ಮುಖ ತಿರುಗಿಸಿದಳು. ಮಾಲತೇಶಪ್ಪನನ್ನು ಕೇಳಿದರೆ, ಹೇಳಿದೆನಲ್ಲ, ಒಳಗೆ ಗಾಳಿ ಕೂತಿದೆ. ಆ ಗಾಳಿಯ ಮಾತು ಕೇಳಿ ಕೇಳಿ ಮಂಗಳವ್ವನಿಗೆ ಮೈ ಪರಚಿಕೊಳ್ಳುವಂತಾಗಿತ್ತು.

ಗುರುವಾರ ಗಂಡ ಬಸ್ಸು ಹತ್ತಿದ ಮೇಲೆ ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ನೇರವಾಗಿ ಫಕ್ರುದ್ದೀನನ ಮನೆಗೆ ಹೋದಳು. ಜಗಳ ನಿಮ್ಮಿಬ್ಬರದು, ನಳ ನನ್ನದು, ಎದ್ದು ಬಾ ಎಂದಳು.

ಫಕ್ರುದ್ದೀನ ಒಳ್ಳೆಯವನೇ. ಆದರೆ ಅವನ ಕೈಗಿಂತ ಬಾಯಿಗೆ ಕೆಲಸ ಜಾಸ್ತಿ. ಬಂದವನೇ ಚಹಾ ಕುಡಿದು, ಬ್ಯಾಡಗಿಯ ಯಾವನೋ ಸಾಹುಕಾರನ ಬಂಗಲೆಯಲ್ಲಿ ತಾನು ಕೂಡಿಸಿದ ನಳಗಳ ಕಥೆಯೆಲ್ಲ ಹೇಳಿ, ಮಾಲತೇಶಪ್ಪನ ಕೆಲಸ ನೋಡಿ ಮನಸಾರೆ ನಕ್ಕು, ಇನ್ನೊಂದು ಚಹಾ ಕುಡಿದು, ಕೊನೆಗೆ ಅವನೂ ಗಾಳಿ ಎಂದ. ಮಂಗಳವ್ವ ಹಣೆ ಚಚ್ಚಿಕೊಂಡಳು. ಮಾಳಿಗೆಯ ಮೇಲೆ ನೀರಿನ ಟಾಕಿಯ ಪಕ್ಕದಲ್ಲಿ ಗಾಳಿ ಹೋಗಲು ಒಂದು ಸಣ್ಣ ಪೈಪು ನಿಲ್ಲಿಸಿ, ಇನ್ನು ಸಪ್ಪಳ ಬಂದರೆ ನನ್ನ ಹೆಸರು ಬೇರೆ ಇಡಿರಿ ಎಂದು ಹೇಳಿ ಹೋದ.

ಶುಕ್ರವಾರ ಬೆಳಿಗ್ಗೆ ನೀರು ಬಂತು. ಗೋಡೆ ಎಂದಿನ ಹಾಗೆ ಕೆಮ್ಮಿತು, ಗುರುಗುಟ್ಟಿತು, ಕೂಗಿತು, ಗುದ್ದಿತು. ಹೊಸದಾಗಿ ಆದದ್ದೆಂದರೆ ಫಕ್ರುದ್ದೀನನ ಪೈಪು ಕಾರಂಜಿಯಂತೆ ಚಿಮ್ಮಿ, ಪಕ್ಕದ ಮಾಳಿಗೆಯಲ್ಲಿ ಅಮೀರಬಿ ಚಾಪೆಯ ಮೇಲೆ ಒಣಹಾಕಿದ್ದ ಬ್ಯಾಡಗಿ ಮೆಣಸಿನಕಾಯಿಯನ್ನೆಲ್ಲ ತೋಯಿಸಿಬಿಟ್ಟಿತು. ಅಮೀರಬಿ ಅಲ್ಲಿಂದ ಮೆಣಸಿನಕಾಯಿ ಹೋಯಿತೆಂದು, ಮಾಲತೇಶಪ್ಪ ಇಲ್ಲಿಂದ ಯಾರನ್ನು ಕೇಳಿ ಆ ಫಕ್ರುವನ್ನು ಮನೆಗೆ ಸೇರಿಸಿದೆ ಎಂದು ಕೂಗಾಡಿದರು. ನಡುವೆ ಕೂಸು. ಶೇಖವ್ವ ಗಂಟು ಕಟ್ಟಲು ಹಳೆಯ ಸೀರೆ ಹುಡುಕುತ್ತಿದ್ದಳು. ಭಾನುವಾರ ಸಂಜೆಯ ಬಸ್ಸಿಗೆ ಹೋಗುತ್ತೇನೆ, ಯಾರೂ ತಡೆಯಬೇಡಿರಿ ಎಂದಳು.

ಅವತ್ತು ಮಂಗಳವ್ವನಿಗೆ ಸಿಟ್ಟು ಎಷ್ಟು ಬಂದಿತ್ತೆಂದರೆ, ಅಳು ಬರಲೇ ಇಲ್ಲ. ಹಂಡೆಯ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತವಳಿಗೆ ಒಮ್ಮೆಲೇ ತನ್ನ ಕೆಲಸ ನೆನಪಾಯಿತು. ಎಕ್ಸ್‌ಚೇಂಜಿನಲ್ಲಿ ಯಾರಾದರೂ ಲೈನಿನಲ್ಲಿ ಗರಗರ ಬರುತ್ತಿದೆ ಎಂದು ಕೂಗಾಡಿದರೆ, ಆಪರೇಟರುಗಳು ಗಾಳಿ ಮಳೆ ಎಂದು ವಾದ ಹಾಕುತ್ತ ಕೂರುವುದಿಲ್ಲ. ಲೈನನ್ನು ತುಂಡು ತುಂಡಾಗಿ ಬಿಡಿಸಿ ಕೇಳುತ್ತಾರೆ. ಈ ತುದಿ ಬಿಚ್ಚಿದರೆ ಸಪ್ಪಳ ನಿಂತಿತೋ, ಆ ತುದಿ ಬಿಚ್ಚಿದರೆ ನಿಂತಿತೋ. ಎಲ್ಲಿ ಬಿಚ್ಚಿದಾಗ ನಿಲ್ಲುತ್ತದೋ ಅಲ್ಲೇ ರೋಗ. ಎಲ್ಲ ಬಿಚ್ಚಿದ ಮೇಲೂ ನಿಲ್ಲದಿದ್ದರೆ ರೋಗ ಲೈನಿನಲ್ಲಿ ಇಲ್ಲ, ನಮ್ಮ ತಲೆಗೆ ಹಾಕಿಕೊಂಡ ಹೆಡ್‌ಫೋನಿನಲ್ಲೇ ಇದೆ. ಇಷ್ಟು ಸರಳ. ಇಷ್ಟು ದಿನ ಈ ಗಂಡಸರ ಬಾಯಿ ನೋಡುತ್ತ ಕೂತೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅವಳು ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿದ್ದಳು. ಮಾಲತೇಶಪ್ಪ ಬಚ್ಚಲ ನಳದ ಹತ್ತಿರ. ಫಕ್ರುದ್ದೀನ ಹಿತ್ತಲಿನಲ್ಲಿ ನೀರು ಬಂದ್ ಮಾಡುವ ವಾಲ್ ಹತ್ತಿರ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡುವುದು ಬೇಡ, ನಾನು ಹೇಳಿದಾಗ ತಿರುಗಿಸಿದರೆ ಸಾಕು, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ಅಪ್ಪಣೆಯಾಗಿತ್ತು. ಫೋನಿನ ತಂತಿಯೇ ಬೇರೆ, ನೀರಿನ ಪೈಪೇ ಬೇರೆ ಎಂದು ಫಕ್ರುದ್ದೀನ ಏನೋ ಶುರುಮಾಡಿದ್ದ. ಅವಳು ನೋಡಿದ ನೋಟಕ್ಕೆ ಅರ್ಧಕ್ಕೇ ನಿಲ್ಲಿಸಿದ. ಶೇಖವ್ವ ಪಡಸಾಲೆಯಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು, ಪಕ್ಕದಲ್ಲಿ ಕಟ್ಟಿದ ಗಂಟು.

ನೀರು ಬಂತು. ಗೋಡೆ ಕೆಮ್ಮಿತು. ಮಂಗಳವ್ವ ಊದುಗೊಳವೆಯ ಒಂದು ತುದಿಯನ್ನು ಗೋಡೆಗೆ, ಇನ್ನೊಂದನ್ನು ಕಿವಿಗೆ ಹಚ್ಚಿ, ಗೇಣು ಗೇಣು ಸರಿಯುತ್ತ ಹೋದಳು. ಅಡಿಗೆಮನೆಯ ಕಡೆ ಸಪ್ಪಳ ತೆಳುವಾಗಿತ್ತು. ಬಚ್ಚಲ ಹತ್ತಿರ ಬಂದ ಹಾಗೆ ಕೂಗು ಕಿವಿ ಹರಿಯುವಷ್ಟಾಯಿತು. ನಳ ಪೂರ್ತಿ ಬಿಡ್ರಿ ಎಂದಳು. ಗಂಡ ಬಿಟ್ಟ, ಕೂಗು ನಿಂತಿತು. ಅರ್ಧ ಮಾಡ್ರಿ ಎಂದಳು. ಮತ್ತೆ ಶುರು. ಅರ್ಧ ತೆರೆದ ನಳದಲ್ಲಿ ಮಾತ್ರ ಕೂಗು. ಅರ್ಧ ತೆರೆದಿಡುವುದೇ ಓಣಿಯ ರೂಢಿ. ಬಿಚ್ಚಿರಿ ಎಂದಳು. ಫಕ್ರುದ್ದೀನ ವಾಲ್ ಬಂದ್ ಮಾಡಿದ, ಮಾಲತೇಶಪ್ಪ ನಳದ ತಲೆ ಬಿಚ್ಚಿದ. ಒಳಗಿಂದ ಬಂತು ಅವಳ ಎಡಗಾಲಿನ ಚಪ್ಪಲಿ. ಮೆತ್ತಗಾಗಿ, ಅಂಚು ಸೀಳಿ, ನಾಲಿಗೆಯ ಹಾಗೆ ಜೋತುಬಿದ್ದಿತ್ತು. ನೀರಿಗಿಂತ ಮುಂದೆ ನುಗ್ಗಿ ಬರುವ ಗಾಳಿಗೂ, ಅದರ ಹಿಂದೆ ಬರುವ ನೀರಿಗೂ ಅದು ಅದುರುವುದು, ಗೋಡೆ ಕೂಗುವುದು. ಮಾಲತೇಶಪ್ಪ ಅದನ್ನು ಬೆರಳಲ್ಲಿ ಹಿಡಿದು, ರಬ್ಬರು ಖೋಟಾ ಐತಿ ಎಂದ.

ಗುದ್ದಿನ ಮೂಲ ಹುಡುಕಲು ಹಿತ್ತಲಿಗೆ ಹೋಗಬೇಕಾಯಿತು. ಕಟ್ಟಿಗೆ ಒಟ್ಟಿದ್ದ ಮೂಲೆಯಲ್ಲಿ ಪೈಪು ಗೋಡೆ ಹತ್ತಿ ಮಾಳಿಗೆಗೆ ಹೋಗುತ್ತಿತ್ತು. ಕಟ್ಟಿಗೆ ಸರಿಸಿ ನೋಡಿದರೆ ಅಲ್ಲಿ ಒಂದೇ ಒಂದು ಕ್ಲಾಂಪು ಇರಲಿಲ್ಲ. ಕ್ಲಾಂಪಿನ ಬದಲು ಮಾಲತೇಶಪ್ಪ ಗೂಟ ಹೊಡೆದು ಕತ್ತದ ಹಗ್ಗದಿಂದ ಕಟ್ಟಿದ್ದ, ಎಮ್ಮೆಗೆ ಕಟ್ಟಿದ ಹಾಗೆ. ಹಗ್ಗ ಮಳೆಗೆ ನೆನೆದು ಬಿಸಿಲಿಗೆ ಒಣಗಿ ಸಡಿಲಾಗಿತ್ತು. ನೀರು ರಭಸದಿಂದ ಬಂದಾಗಲೊಮ್ಮೆ, ನಳ ಬಂದ್ ಮಾಡಿದಾಗಲೊಮ್ಮೆ ಪೈಪು ಜಿಗಿದು ಗೋಡೆಗೆ ಬಡಿಯುತ್ತಿತ್ತು. ಫಕ್ರುದ್ದೀನ ಹಗ್ಗ ನೋಡಿದ, ಮಾಲತೇಶಪ್ಪನನ್ನು ನೋಡಿದ, ಇದನ್ನು ಬಿಟ್ಟು ಗಾಳಿಗೆ ಪೈಪು ಹಾಕಿದ ತನ್ನ ಬುದ್ಧಿಯೂ ನೆನಪಾಗಿರಬೇಕು, ಕ್ಲಾಂಪು ತರಲು ಹೊರಟ.

ಚರ್ಮದ ವಾಷರ್ ಬಂತು, ಕ್ಲಾಂಪುಗಳು ಬಂದವು. ಮಾಳಿಗೆಯ ಮೇಲಿನ ಗಾಳಿಯ ಪೈಪಿಗೆ ಬಿರಡೆ ಬಡಿದರು. ಪೈಪಿಗೂ ಗೋಡೆಗೂ ನಡುವೆ ಕಟ್ಟಿಗೆಯ ಚಕ್ಕೆ ತುರುಕಿ ಬಿಗಿ ಮಾಡಿದರು. ಕೆಲಸ ಮಾಡುತ್ತ ಮಾಡುತ್ತ ಗಂಡಸರಿಬ್ಬರೂ ಮಾತಾಡತೊಡಗಿ, ಕೊನೆಗೆ ತಪ್ಪೆಲ್ಲ ಚಪ್ಪಲಿ ಕಂಪನಿಯದು ಎಂಬಲ್ಲಿ ರಾಜಿಯಾದರು. ಮಂಗಳವ್ವ ವಾಲ್ ತಿರುಗಿಸಿದಳು. ನೀರು ಸುರ್ರೆಂದು ಬಂತು, ಸಭ್ಯವಾಗಿ ಕೊಡಕ್ಕೆ ಬಿತ್ತು. ನಳ ಬಂದ್ ಮಾಡಿದಳು. ಗೋಡೆ ಗಪ್‌ಚಿಪ್. ಮತ್ತೆ ಬಿಟ್ಟಳು, ಅರ್ಧ ಬಿಟ್ಟಳು, ಝಟ್ಟನೆ ಬಂದ್ ಮಾಡಿದಳು. ಊದುಗೊಳವೆ ಹಚ್ಚಿ ಕೇಳಿದಳು. ಗೋಡೆ ಗೋಡೆಯಾಗಿತ್ತು, ಅಷ್ಟೇ. ಅವಳಿಗೆ ಕುಣಿಯಬೇಕೆನಿಸಿತು. ಬಹಳ ದಿನದ ಮೇಲೆ ಗಂಡನ ತಟ್ಟೆಗೆ ಎರಡು ಚಮಚ ತುಪ್ಪ ಹಾಕಿದಳು. ಊಟವಾದ ಮೇಲೆ ಸೋಮವಾರಕ್ಕೆಂದು ನೀಲಿ ಸೀರೆ ತೆಗೆದು ಇಸ್ತ್ರಿ ಮಾಡಲು ಕೂತಳು.

ಇಸ್ತ್ರಿ ಮುಗಿಯುವುದರೊಳಗೆ ಶೇಖವ್ವ ಗಂಟು ಎತ್ತಿಕೊಂಡು ಬಾಗಿಲಿಗೆ ಬಂದಿದ್ದಳು.

"ಬಸ್ಸಿನ ಹೊತ್ತಾತು. ನನ್ನ ಬಿಟ್ಟು ಬರಾಕ ಹೇಳು ಅವಗ."

ಮಂಗಳವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. ಸಪ್ಪಳ ಹೋಯಿತಲ್ಲ ಅತ್ತಿ, ಇನ್ನೇನು ಎಂದಳು. ಶೇಖವ್ವ ನೆಲ ನೋಡುತ್ತ, ದೊಡ್ಡ ಸಪ್ಪಳ ಹೋಗಿದೆ, ಸಣ್ಣದು ಹಾಗೇ ಇದೆ ಎಂದಳು. ಈಗಲೂ ಬರುತ್ತಿದೆ, ಗುಂಯ್ ಎಂದು, ಆ ಗೋಡೆಯಿಂದ.

ಇಸ್ತ್ರಿ ಪೆಟ್ಟಿಗೆಯನ್ನು ಮಂಗಳವ್ವ ನೆಲಕ್ಕೆ ಕುಕ್ಕಿದಳು. ಒಂದು ತಿಂಗಳಿಂದ ಅವಳ ಎದೆಯಲ್ಲಿ ಕುದಿಯುತ್ತಿದ್ದದ್ದೆಲ್ಲ ಬಾಯಿಗೆ ಬಂತು.

"ಹೋಗಬೇಕಂತ ಮನಸಾಗಿದ್ರ ಹೋಗ್ತೇನಿ ಅನ್ರಿ ಅತ್ತಿ. ನಳದ ಮ್ಯಾಲ ಯಾಕ ಹಾಕ್ತೀರಿ? ಕೂಸಿನ್ನ ನೋಡ್ಕೊಳ್ಳೂದು ಆಗೂದಿಲ್ಲ, ನಿನ್ನ ನೌಕರಿ ನನಗ ಬೇಕಿಲ್ಲ ಅನ್ರಿ. ಅದಕ್ಕರ ನಾ ತಯಾರ ಅದೇನಿ."

ಶೇಖವ್ವನ ಮುಖ ಸಣ್ಣದಾಯಿತು. ಹಾಗಲ್ಲವೇ ತಾಯಿ ಎಂದಳು, ಕೇಳಿಸುವುದನ್ನು ಕೇಳಿಸುವುದಿಲ್ಲ ಎಂದು ಹೇಗೆ ಹೇಳಲಿ ಎಂದಳು. ಅದನ್ನು ಕೇಳಿ ಮಂಗಳವ್ವನಿಗೆ ಇನ್ನಷ್ಟು ರೇಗಿತು. ಬರ್ರಿ ಇಲ್ಲೆ ಎಂದು ಅತ್ತೆಯ ಕೈ ಹಿಡಿದು ಬಚ್ಚಲ ಬಾಗಿಲಿಗೆ ಕರೆತಂದು ಮಣೆಯ ಮೇಲೆ ಕೂರಿಸಿದಳು. ಗಂಡನನ್ನು ಕೂಗಿ, ಟಾಕಿಯಿಂದ ಕೆಳಗೆ ಬರುವ ವಾಲ್ ಮುಚ್ಚಿರಿ, ರಸ್ತೆ ಕಡೆಯದನ್ನೂ ಮುಚ್ಚಿರಿ ಎಂದಳು. ತುಂಬಿದ ಪೈಪು ಸುಮ್ಮನೆ ಯಾಕೆ ಖಾಲಿ ಮಾಡುತ್ತೀ ಎಂದು ಅವನು ಗೊಣಗಿದ. ಅವಳು ತಿರುಗಿ ನೋಡಲಿಲ್ಲ. ಮನೆಯ ಎಲ್ಲ ನಳಗಳನ್ನೂ ಪೂರ್ತಿ ತಿರುಗಿಸಿ ಬಿಟ್ಟಳು. ಪೈಪಿನಲ್ಲಿದ್ದ ನೀರೆಲ್ಲ ಬಚ್ಚಲಿಗೆ ಸುರಿಯತೊಡಗಿತು. ಸುರಿದು ಸುರಿದು, ಸಣ್ಣದಾಗಿ, ಹನಿಯಾಗಿ, ನಿಂತಿತು. ಒಣ ಪೈಪು. ಹನಿ ನೀರಿಲ್ಲ. ಈಗ ಈ ಗೋಡೆಯಲ್ಲಿ ಸಪ್ಪಳ ಮಾಡುವಂಥದ್ದು ಯಾವುದೂ ಉಳಿದಿಲ್ಲ. ಮಂಗಳವ್ವ ಗೆದ್ದವಳ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತು, ಈಗ ಹೇಳಿರಿ ಎಂದಳು.

ಶೇಖವ್ವ ತಲೆ ವಾರೆ ಮಾಡಿ ಕೇಳಿದಳು. "ನೀರು ಸುರಿಯೂಮುಂದ ಇರಲಿಲ್ಲ," ಎಂದಳು ಮೆಲ್ಲಗೆ. "ಈಗ ಮತ್ತ ಬಂತು."

ಮಂಗಳವ್ವ ಬಾಯಿ ತೆರೆದಳು, ಬೈಯಲೆಂದೇ. ಆದರೆ ಅತ್ತೆಯ ಮುಖ ನೋಡಿ ಮಾತು ಅಲ್ಲೇ ನಿಂತಿತು. ಸುಳ್ಳು ಹೇಳುವವರ ಮುಖವಲ್ಲ ಅದು. ದಿನಾ ಬೋರ್ಡಿನ ಮುಂದೆ ಕೂತು ಸುಳ್ಳು ಹೇಳುವವರ ದನಿ ಕೇಳಿ ಕೇಳಿ ಅವಳಿಗೆ ಅಷ್ಟು ತಿಳಿಯುತ್ತಿತ್ತು. ಎಲ್ಲ ಬಿಚ್ಚಿದ ಮೇಲೂ ಸಪ್ಪಳ ನಿಲ್ಲದಿದ್ದರೆ. ಎಲ್ಲ ಬಿಚ್ಚಿದ ಮೇಲೂ. ಅವಳು ಅತ್ತೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಎರಡೂ ಕಿವ್ಯಾಗ ಬೆರಳ ಇಟ್ಟು ಗಟ್ಟಿ ಒತ್ತರಿ ಅತ್ತಿ."

ಶೇಖವ್ವ ಕಿವಿಗೆ ಬೆರಳು ಒತ್ತಿ ಕಣ್ಣು ಮುಚ್ಚಿದಳು. ಗೋಡೆಯ ಸಪ್ಪಳವಾಗಿದ್ದರೆ ಕಿವಿ ಮುಚ್ಚಿದಾಗ ಕಡಿಮೆಯಾಗಬೇಕು. ಹೆಂಗೈತಿ ಎಂದು ಮಂಗಳವ್ವ ಕೈಸನ್ನೆ ಮಾಡಿ ಕೇಳಿದಳು. ಶೇಖವ್ವ ಕಣ್ಣು ತೆರೆದಳು. ಆ ಕಣ್ಣಿನಲ್ಲಿ ಅಂಜಿಕೆ ಇತ್ತು.

"ಜಾಸ್ತಿ ಆತು," ಎಂದಳು.

ವಾಲ್ ಮುಚ್ಚಿ ಬಂದ ಮಾಲತೇಶಪ್ಪ ಬಚ್ಚಲ ಬಾಗಿಲಲ್ಲಿ ನಿಂತಿದ್ದ. ಮಂಗಳವ್ವನಿಗೆ ದೇವವ್ವನ ಪಿಸುಮಾತು ನೆನಪಾಯಿತು. ದೀಪಾವಳಿಗೇ ಬಂದ್ ಆದ ಗಿರಣಿ. ಪಾಪ, ಅವಳು ಖರೇನೇ ಹೇಳಿದ್ದಳು. ಗಿರಣಿ ನಿಂತ ಮೇಲೂ ಮುದುಕಿಗೆ ಗಿರಣಿ ಕೇಳಿಸುತ್ತಿತ್ತು, ಗಿರಣಿಯಿಂದ ಓಡಿ ಇಲ್ಲಿಗೆ ಬಂದರೆ ಇಲ್ಲಿಯೂ ಕೇಳಿಸಿತು, ಈಗ ಇಲ್ಲಿಂದ ಓಡಿ ಮತ್ತೆ ಅಲ್ಲಿಗೆ. ತಾನು ಆಡಿದ ಮಾತು ನೆನೆದು ಅವಳಿಗೆ ನಾಚಿಕೆಯಾಯಿತು. ಅತ್ತೆಯ ಕೈ ಎರಡನ್ನೂ ಕಿವಿಯಿಂದ ತೆಗೆದು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಸಪ್ಪಳ ಗ್ವಾಡ್ಯಾಗ ಇಲ್ಲ ಅತ್ತಿ. ನಿಮ್ಮ ಕಿವ್ಯಾಗ ಐತಿ."

ಶೇಖವ್ವ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ಆಮೇಲೆ, ಒಮ್ಮೊಮ್ಮೆ ನನಗೂ ಹಾಗೆ ಅನಿಸುತ್ತಿತ್ತು ಎಂದಳು. ಗುಡಿಯಲ್ಲಿ ಹೋಗಿ ಕೂತರೆ ಗುಡಿಯಲ್ಲೂ ಬರುತ್ತಿತ್ತಂತೆ. ಹೊಲದಲ್ಲಿ ನಿಂತರೆ ಹೊಲದಲ್ಲೂ. ಮತ್ತೆ ಯಾಕೆ ಹೇಳಲಿಲ್ಲ ಎಂದು ಮಾಲತೇಶಪ್ಪ ಕೇಳಿದ, ಅವನ ದನಿಯೂ ಮೆತ್ತಗಾಗಿತ್ತು.

"ಗ್ವಾಡ್ಯಾಗ ಐತಿ ಅಂದ್ರ ಗ್ವಾಡಿ ರಿಪೇರಿ ಮಾಡಸ್ತೀರಿ," ಎಂದಳು ಶೇಖವ್ವ. "ತಲ್ಯಾಗ ಐತಿ ಅಂದ್ರ ಮುದುಕಿಗೆ ತಲಿ ಕೆಟ್ಟೈತಿ ಅಂತೀರಿ."

ಯಾರೂ ಹಾಗೆ ಅನ್ನುವುದಿಲ್ಲ ಎಂದಳು ಮಂಗಳವ್ವ. ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಒಬ್ಬ ಅಕ್ಕನಿಗೂ ಹೀಗೇ ಆಗಿದೆ, ತಲೆ ಕೆಟ್ಟಿಲ್ಲ, ಎಲ್ಲರಿಗಿಂತ ಚುರುಕಾಗಿದ್ದಾಳೆ ಎಂದಳು. ರಾಣೇಬೆನ್ನೂರಿನಲ್ಲಿ ಕಿವಿಯ ಡಾಕ್ಟರು ಇದ್ದಾರೆ, ನನ್ನ ವಾರದ ರಜೆಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಗುಣ ಆಗುತ್ತದೋ ಇಲ್ಲವೋ ಕೇಳೋಣ ಎಂದಳು. ಆಗೇ ಆಗುತ್ತದೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಆ ಅಕ್ಕನಿಗೆ ಇನ್ನೂ ಗುಣ ಆಗಿರಲಿಲ್ಲ.

ಶೇಖವ್ವ ಬಾಗಿಲ ಬಳಿಯಿದ್ದ ತನ್ನ ಗಂಟಿನ ಕಡೆ ನೋಡಿದಳು.

"ಅಂದ್ರ ಅಗಡಿಗೆ ಹೋದ್ರ ಅಲ್ಲಿಗೂ ಬರ್ತೈತಿ?"

"ಬರ್ತೈತ್ರಿ ಅತ್ತಿ."

"ಎಲ್ಲಿ ಹೋದ್ರೂ?"

ಮಂಗಳವ್ವ ತಲೆಯಾಡಿಸಿದಳು. ಶೇಖವ್ವ ಮೊಣಕಾಲಿಗೆ ಕೈ ಊರಿ ಎದ್ದಳು. ಗಂಟಿನ ಹತ್ತಿರ ಹೋಗಿ ಕೂತು, ಗಂಟು ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದಳು.

"ಹಂಗಾರ ಯಾಕ ಹೋಗ್ಲಿ," ಎಂದಳು, ಯಾರಿಗೂ ಅಲ್ಲ, ಸೀರೆಗೆ ಹೇಳುವ ಹಾಗೆ.

ಮಂಗಳವ್ವನಿಗೆ ಬೇಕಾಗಿದ್ದದ್ದು ಇದೇ ಮಾತು. ಈ ಮಾತಿಗಾಗಿ ಅವಳು ಚಪ್ಪಲಿ ಕಳೆದುಕೊಂಡಿದ್ದಳು, ಗಂಡನ ಜೊತೆ ಕಾದಾಡಿದ್ದಳು, ಅಮೀರಬಿಯಿಂದ ಅನಿಸಿಕೊಂಡಿದ್ದಳು. ಈಗ ಮಾತು ಸಿಕ್ಕಿತು, ಹಿಗ್ಗು ಮಾತ್ರ ಬರಲಿಲ್ಲ. ಎದ್ದು ಹೋಗಿ ವಾಲ್‌ಗಳನ್ನೆಲ್ಲ ಮತ್ತೆ ತಿರುಗಿಸಿ ಬಂದಳು.

ಸೋಮವಾರ ಬೆಳಿಗ್ಗೆ ನೀಲಿ ಸೀರೆ ಉಟ್ಟು, ಹೊಸ ಚಪ್ಪಲಿ ಮೆಟ್ಟಿ ಹೊರಡುವ ಮುಂಚೆ ಅವಳು ಬಚ್ಚಲಿಗೆ ಹೋದಳು. ನೀರು ಸುರಿಯುವಾಗ ಇರಲಿಲ್ಲ ಎಂದಿದ್ದಳಲ್ಲ ಅತ್ತೆ. ಅಷ್ಟು ಜನ ಸೇರಿ ಬಿಗಿ ಮಾಡಿದ ನಳವನ್ನು ಅವಳು ಕೂದಲೆಳೆಯಷ್ಟು ಸಡಿಲ ಮಾಡಿದಳು. ಕೆಳಗೆ ಹಂಡೆ ಇಟ್ಟು, ಹಂಡೆಯಲ್ಲಿ ಒಂದು ಸ್ಟೀಲಿನ ತಟ್ಟೆ ಬೋರಲು ಹಾಕಿದಳು. ಹನಿ ತಟ್ಟೆಯ ಮೇಲೆ ಬಿದ್ದು ಟಣ್ ಟಣ್ ಎನ್ನತೊಡಗಿತು. ಶೇಖವ್ವ ತಾನಾಗಿಯೇ ಚಾಪೆ ಎಳೆದುಕೊಂಡು ಬಂದು, ಇಷ್ಟು ದಿನ ಶಪಿಸಿದ ಅದೇ ಗೋಡೆಗೆ ಬೆನ್ನು ಆನಿಸಿ ಕೂತಳು. ಕೂಸು ಅವಳ ಕಾಲ ಮೇಲೆ ನಿದ್ದೆ ಹೋಗಿತ್ತು. ಸ್ವಲ್ಪ ಹೊತ್ತಿಗೆ ಶೇಖವ್ವನ ಕಣ್ಣುಗಳೂ ಮುಚ್ಚಿಕೊಳ್ಳತೊಡಗಿದವು.

ಮಂಗಳವ್ವ ಮೆಲ್ಲಗೆ ಹೊರಗೆ ಬಂದರೆ ಎದುರಿಗೆ ಮಾಲತೇಶಪ್ಪ. ರಾಣೇಬೆನ್ನೂರಿಗೆ ಹೊರಟವನು ಬಗಲಿಗೆ ಚೀಲ ಹಾಕಿಕೊಂಡಿದ್ದ, ಕೈಯಲ್ಲಿ ಪಾನಾ ಇತ್ತು.

"ಬಚ್ಚಲ ನಳಾ ಸೋರಾಕತ್ತೈತ್ಲೇ ಮಂಗಳಾ. ಆ ಫಕ್ರು ಕೆಲಸಾನ ಇಷ್ಟು. ತಡಿ, ನಾ ಸರಿ ಮಾಡೇ ಹೋಗ್ತೇನಿ."

ಮಂಗಳವ್ವ ಅವನ ಕೈಯಿಂದ ಪಾನಾ ಕಿತ್ತುಕೊಂಡು ತನ್ನ ಬ್ಯಾಗಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅವತ್ತು ಇಡೀ ದಿನ ಪಾನಾ ಬ್ಯಾಡಗಿಯ ಎಕ್ಸ್‌ಚೇಂಜಿನಲ್ಲಿ, ಅವಳ ಊಟದ ಡಬ್ಬಿಯ ಪಕ್ಕದಲ್ಲೇ ಇತ್ತು.